ಎದೆಯ ಸದ್ದು ಸಹಜ

ಕೋಲ್ಬಿ ಫೋರ್ಕ್, ನಾರ್ತ್ ಡಕೋಟಾ
ಮಂಗಳವಾರ, ಮಾರ್ಚ್ 12, 2024

ಪ್ರೀತಿಯ ಮಾರ್ಲಿಸ್,

ಕೇಳು ಗೆಳತಿ, ಕಿವಿಗೊಟ್ಟು ಕೇಳು! ಇಪ್ಪತ್ತಾರು ವರ್ಷದಿಂದ ಈ ಊರಿನ ನಾಡಿ ಹಿಡಿದ ನಿನ್ನ ಜೊಲೀನ್ ಇಂದು ತಪ್ಪೊಪ್ಪಿಗೆಗೆ ನಿಂತಿದ್ದಾಳೆ! ಹೀಗೆ ಗಟ್ಟಿ ದನಿಯಲ್ಲಿ ಶುರು ಮಾಡಿದರೆ ಒಳಗೆ ಏನಾದರೂ ಅಲುಗೀತೇ ಎಂದು ನೋಡಿದೆ. ಅಲುಗಲಿಲ್ಲ.

ಲಿಯೋಟಾ ಬ್ರಾಂಡ್‌ವೋಲ್ಡ್, ಶಾಲೆಯ ಬಸ್ಸು ಓಡಿಸುವವಳು, ಅಕ್ಟೋಬರಿನಿಂದ ಮೂರು ಸಲ ನನ್ನಲ್ಲಿಗೆ ಬಂದಳು. ಸುಸ್ತು, ಸಂಜೆಗೆ ಸಣ್ಣ ಜ್ವರ, ಮೈ ಇಳಿದಿತ್ತು. "ಡಾಕ್ಟ್ರೇ, ಬಸ್ಸಿನ ಮೆಟ್ಲು ಹತ್ತೋಕೇ ಉಸಿರು ಕಟ್ತದೆ. ಬಸ್ಸಲ್ಲ, ನಿನ್ನನ್ನೇ ತಳ್ಳಿ ಸ್ಟಾರ್ಟ್ ಮಾಡ್ಬೇಕು ಅಂತಾವೆ ಹುಡುಗ್ರು" ಎಂದು ನಕ್ಕಳು. ನಾನೂ ನಕ್ಕೆ. ಹಳೆಯ ದಾಖಲೆಯಲ್ಲಿ ಯಾರೋ 'ಆತಂಕದ ಸ್ವಭಾವ' ಎಂದು ಬರೆದಿದ್ದರು. ಅದನ್ನೇ ನಂಬಿ ಮನಸ್ಸು ತಿಳಿಯಾಗಲು ಮಾತ್ರೆ ಕೊಟ್ಟೆ.

ಒಬ್ಬರಿಗೆ ಹದಿನೈದು ನಿಮಿಷ, ಅದರಲ್ಲಿ ಎಂಟು ಕಂಪ್ಯೂಟರಿಗೆ. ಗುಂಡಿ ಒತ್ತಿದರೆ ಹಿಂದಿನ ಭೇಟಿಯ ಟಿಪ್ಪಣಿ ಇಡಿಯಾಗಿ ಇಂದಿನ ಪುಟಕ್ಕೆ ಬಂದು ಕೂರುತ್ತದೆ, ನಿನಗೆ ಗೊತ್ತಲ್ಲ. 'ಎದೆಯ ಸದ್ದು ಸಹಜ' ಎಂಬ ಸಾಲೂ ಮೂರು ಸಲ ಬಂದು ಕೂತಿತು. ನಾನು ಸ್ಟೆತಾಸ್ಕೋಪ್ ಇಟ್ಟದ್ದು ಮೊದಲ ಸಲ ಮಾತ್ರ. ಉಳಿದೆರಡು ಸಲ ಅದು ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ರಾಜಪಾತ್ರಧಾರಿಯ ಹಾರದ ಹಾಗೆ!

ಜನವರಿಯಲ್ಲಿ ಅವಳು ಬಸ್ ಶೆಡ್ಡಿನಲ್ಲಿ ಕುಸಿದಳು. ಬಿಸ್ಮಾರ್ಕಿನ ದೊಡ್ಡಾಸ್ಪತ್ರೆಯ ಎಳೆಯ ವೈದ್ಯನೊಬ್ಬ ಎದೆ ಆಲಿಸಿ ಒಂದೇ ನಿಮಿಷಕ್ಕೆ ಅನುಮಾನಪಟ್ಟನಂತೆ. ಹೃದಯದ ಕವಾಟಕ್ಕೆ ಸೋಂಕು. ಅದರ ಚೂರೊಂದು ಆಗಲೇ ಮಿದುಳಿಗೆ ಹೋಗಿತ್ತು. ಶಸ್ತ್ರಚಿಕಿತ್ಸೆಯಾಯಿತು, ಬದುಕಿದಳು. ಎಡಗೈ ಮಾತು ಕೇಳುವುದಿಲ್ಲ. ಇನ್ನು ಬಸ್ಸು ಓಡಿಸುವಂತಿಲ್ಲ.

ನಿನ್ನೆ ಅವಳ ಗಂಡ ಆರ್ವಿಲ್ ಬಟ್ಟೆಯಲ್ಲಿ ಸುತ್ತಿ ಆಲೂಗಡ್ಡೆಯ ತೆಳು ರೊಟ್ಟಿ, ಲೆಫ್ಸೆ, ತಂದುಕೊಟ್ಟ. "ಮೂರು ಸಲನೂ ಎದೆ ನೋಡಿದ್ದೀರಿ, ಕಾಗದದಲ್ಲೇ ಇದೆ. ಎಂಥಾ ಕಳ್ಳ ಕಾಯಿಲೆ ನೋಡಿ ಡಾಕ್ಟ್ರೇ, ನಿಮಗೇ ಟೋಪಿ ಹಾಕ್ತು!" ಎಂದ. ಬೆಣ್ಣೆ, ಸಕ್ಕರೆ ಸವರಿ ಎರಡು ತಿಂದೆ. ರುಚಿ ಗೊತ್ತಾಗಲಿಲ್ಲ.

ಶುಕ್ರವಾರ ಲಿಯೋಟಾ ತಪಾಸಣೆಗೆ ಬರುತ್ತಾಳೆ. ಆಲಿಸದೆಯೇ ಬರೆದೆ ಎಂದು ಅವಳ ಮುಖ ನೋಡಿ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಹೇಳಿಯೇ ಹೇಳುತ್ತೇನೆ, ಮಾರ್ಲಿಸ್!

ಎಂದಿನಂತೆ ನಿನ್ನವಳು,
ಜೊಲೀನ್

ಮತ್ತೆ ಸೇರಿಸಿದ್ದು, ಶುಕ್ರವಾರ: ಕಾಗದ ಇನ್ನೂ ಅಂಚೆಗೆ ಹೋಗಿಲ್ಲ. ಲಿಯೋಟಾ ಬಂದಿದ್ದಳು. ಅವಳಿಗೆ ಹಾಕಿರುವುದು ಲೋಹದ ಕವಾಟ. ಪಕ್ಕದಲ್ಲಿ ಕೂತರೆ ಸಾಕು, ಟಿಕ್ ಟಿಕ್ ಎನ್ನುವುದು ಕೇಳುತ್ತದೆ. "ನಾನು ಮದ್ವೆ ಆಗಿದ್ದು ಹೆಂಗಸನ್ನಾ, ಗೋಡೆ ಗಡಿಯಾರನಾ ಅಂತಾನೆ ನಮ್ಮ ಆರ್ವಿಲ್" ಎಂದಳು. ನಕ್ಕೆ. ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟೆ. ಕೈಕುಲುಕಿ ಕಳಿಸಿದೆ. ಬೇರೇನೂ ಹೇಳಲಿಲ್ಲ. ಸಂಜೆ ಅವಳ ಪುಟ ತೆರೆದು ನೋಡಿದರೆ, ಇವತ್ತಿನ ತಾರೀಖಿನ ಕೆಳಗೆ, ನನ್ನ ಸಹಿಯ ಮೇಲೆ ಇದೆ: 'ಎದೆಯ ಸದ್ದು ಸಹಜ.'