ವಾಚ್‌ಮನ್ ಬೆಂಚಿನ ಹತ್ತು ನಿಮಿಷ

ವಯಸ್ಕರ ಶಾಲೆಗಳ ಮೇಲಧಿಕಾರಿಗಳಾದ ಮಾನ್ಯರೇ,

ತಮ್ಮ ಸುತ್ತೋಲೆ ನಮ್ಮ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿದ ಮೇಲೆ ನಮ್ಮ ತರಗತಿಯ ಒಬ್ಬ ಹೆಣ್ಣುಮಗಳು ಹನ್ನೆರಡು ದಿನ ಗೇಟಿನವರೆಗೆ ಬಂದು ಬಂದು ವಾಪಸ್ಸು ಹೋದಳು. ಹದಿನೈದು ದಿನ ಸತತವಾಗಿ ಬಾರದವರ ಹೆಸರನ್ನು ಹೊಡೆದುಹಾಕಬೇಕೆಂಬುದೂ ತಮ್ಮದೇ ನಿಯಮ. ಹಾಗಾಗಿ ತಮ್ಮ ಕ್ಷೇಮಸಮಾಚಾರ ಕೇಳುವಷ್ಟು ಪುರುಸೊತ್ತು ನನಗಿಲ್ಲ, ಕ್ಷಮೆಯಿರಲಿ.

ಸುತ್ತೋಲೆಯನ್ನು ಮೂರು ಸಲ ಓದಿದ್ದೇನೆ. ಸಿಬ್ಬಂದಿ ತಮ್ಮ ತಮ್ಮ ಸ್ಥಳದಲ್ಲೇ ಇರತಕ್ಕದ್ದು, ವಿದ್ಯಾರ್ಥಿಗಳ ಹಾಜರಾತಿ ಕುರಿತು ಪರಸ್ಪರ ಚರ್ಚಿಸತಕ್ಕದ್ದಲ್ಲ, ತಿಳಿದದ್ದನ್ನು ಪ್ರತ್ಯೇಕ ನಮೂನೆಯಲ್ಲಿ ಪ್ರತ್ಯೇಕ ವಿಭಾಗಕ್ಕೆ ಸಲ್ಲಿಸತಕ್ಕದ್ದು. ಎಂಥ ಗಂಭೀರ ಭಾಷೆ! ಇದಕ್ಕೆಲ್ಲ ಕಾರಣ ಏನೆಂದರೆ, ತಪಾಸಣೆಗೆ ಬಂದ ತಮ್ಮವರೊಬ್ಬರು ನಾಲ್ಕು ಜನ ನೌಕರರು ವಾಚ್‌ಮನ್ ಬೆಂಚಿನ ಮೇಲೆ ಕೂತು ಚಹಾ ಕುಡಿಯುವುದನ್ನು ಕಂಡರಂತೆ. ಕಂಡದ್ದು ನಿಜ. ಆದರೆ ಲೋಟ ನೋಡಿದವರು ಮಾತು ಕೇಳಿಸಿಕೊಳ್ಳಲಿಲ್ಲ.

ಆ ಬೆಂಚಿನ ಕೂಟ ಹುಟ್ಟಿದ್ದು ನನ್ನ ಸುಳ್ಳುಗಳಿಂದ. ನಾನು ಟೈರ್ ಅಂಗಡಿಯವನು, ವಯಸ್ಸು ಐವತ್ನಾಲ್ಕು. ಟೈರು ಎಷ್ಟು ಓಡಿದೆ ಎಂದು ಕೈಯಲ್ಲಿ ಸವರಿಯೇ ಹೇಳಬಲ್ಲೆ. ಆದರೆ ಎರಡು ವರ್ಷದ ಹಿಂದೆ ಶಾಲೆಗೆ ಸೇರಿದ ಮೂರೇ ವಾರಕ್ಕೆ ತಲೆತಪ್ಪಿಸಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಲೆಕ್ಕದ ಮೇಷ್ಟ್ರು ಅಂಗಡಿಗೆ ಬಂದರು. ಜ್ವರ ಎಂದೆ. ಮಧ್ಯಾಹ್ನ ಶಾಲೆಯ ಗುಮಾಸ್ತರು ಬಂದರು. ದೊಡ್ಡಪ್ಪ ತೀರಿಕೊಂಡರು ಎಂದೆ. ಅವರು ಬೆನ್ನು ಹಾಕಿದ ಒಂದು ಗಂಟೆಗೆ ಲೈಬ್ರರಿ ಮೇಡಂ ಹಾಜರ್. ಅಂಗಡಿಗೆ ಹೊಸ ಮಾಲು ಬರುತ್ತಿದೆ ಎಂದೆ. ಮೂವರೂ ಒಳ್ಳೆಯ ಮನಸ್ಸಿನಿಂದಲೇ ಬಂದವರು, ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮರುದಿನ ನಾಚಿಕೆಯಿಂದ ಗೇಟಿಗೆ ಹೋದರೆ ಮೂವರೂ ಬೆಂಚಿನ ಹತ್ತಿರ ನಿಂತು ಲೆಕ್ಕ ಹೊಂದಿಸುತ್ತಿದ್ದರು. ವಾಚ್‌ಮನ್ ಮುಖ ಗಂಟಿಕ್ಕಿಕೊಂಡೇ ಕೇಳಿದ, "ಸಾಹುಕಾರ್ರೇ, ಜ್ವರ ಬಂದಿದ್ದು ನಿಮಗೋ, ತೀರಿಹೋದ ದೊಡ್ಡಪ್ಪಂಗೋ?"

ನಗು ಮುಗಿದ ಮೇಲೆ ಅಸಲು ಮಾತು ಶುರುವಾಯಿತು. ಇವರು ಬೋರ್ಡಿನ ಮೂರನ್ನು ಎಂಟು ಅಂತ ಬರೆದುಕೊಳ್ಳುತ್ತಾರೆ ಎಂದರು ಮೇಷ್ಟ್ರು. ಪುಸ್ತಕವನ್ನು ಮಾರುದೂರ ಹಿಡಿಯುತ್ತಾರೆ ಎಂದರು ಮೇಡಂ. ಅರ್ಜಿ ತುಂಬಲು ಹೆಂಡತಿ ಬೇಕಂತೆ ಎಂದರು ಗುಮಾಸ್ತರು. ನನ್ನ ರಿಜಿಸ್ಟರಿನಲ್ಲಿ ಪಕ್ಕದವರ ಸಾಲಿಗೆ ಸಹಿ ಹಾಕುತ್ತಾರೆ ಎಂದ ವಾಚ್‌ಮನ್. ನನಗೆ ಕಣ್ಣು ಮಂಜಾಗಿದೆ ಎಂಬುದನ್ನು ನಾಲ್ಕು ವರ್ಷ ಹೆಂಡತಿಗೂ ತಿಳಿಯದಂತೆ ಮುಚ್ಚಿಟ್ಟಿದ್ದೆ. ಇವರು ನಾಲ್ಕು ನಿಮಿಷದಲ್ಲಿ ಬಯಲು ಮಾಡಿದರು. ಕನ್ನಡಕ ಬಂತು, ನಾನು ಉಳಿದೆ.

ಅವತ್ತಿನಿಂದ ದಿನಾ ತರಗತಿಗೆ ಮುಂಚೆ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ನಾಲ್ವರೂ ಬೆಂಚಿಗೆ ಬರುತ್ತಿದ್ದರು. ಯಾರು ಬಂದಿಲ್ಲ, ಅವರ ಬಗ್ಗೆ ಯಾರಿಗೆ ಏನು ಗೊತ್ತು, ಇಷ್ಟೇ ಮಾತು. ಯಾರಾದರೂ ಒಬ್ಬರೇ ಹೋಗಿ ವಿಚಾರಿಸುತ್ತಿದ್ದರು. ಅದಕ್ಕೂ ಮುಂಚಿನ ವರ್ಷ ಮೂವತ್ತು ಜನ ಸೇರಿ ಕೊನೆಗೆ ಉಳಿದವರು ಹನ್ನೆರಡು. ಬೆಂಚಿನ ಮೊದಲ ವರ್ಷ ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು. ತಮ್ಮ ಕಚೇರಿಯಲ್ಲಿ ಕೂಡಿ ಕಳೆಯುವ ಪದ್ಧತಿ ಇದ್ದರೆ ದಯವಿಟ್ಟು ಪರಿಶೀಲಿಸಿ.

ಈಗ ಆ ಹೆಣ್ಣುಮಗಳ ವಿಷಯ. ಬೇಕರಿಯಲ್ಲಿ ಬೆಳಗಿನ ಜಾವದಿಂದ ಒಲೆ ಮುಂದೆ ನಿಲ್ಲುವವಳು, ನಮಗೆಲ್ಲ ಅಕ್ಕ. ತಾಯಿಗೆ ಮರೆವಿನ ಕಾಯಿಲೆ. ನೋಡಿಕೊಳ್ಳುತ್ತಿದ್ದ ನೆರೆಮನೆಯವರು ಮನೆ ಬದಲಾಯಿಸಿದರು. ತಾಯಿಯನ್ನು ಕರೆದುಕೊಂಡೇ ಬಂದಳು. ಹೊರಗಿನವರನ್ನು ಬಿಡುವಂತಿಲ್ಲವಾದ್ದರಿಂದ ವಾಚ್‌ಮನ್ ತಡೆದು, ತನ್ನ ನಮೂನೆಯಲ್ಲಿ 'ವಿದ್ಯಾರ್ಥಿನಿ ಒಬ್ಬರು, ಹೊರಗಿನವರು ಒಬ್ಬರು, ಹಿಂದಿರುಗಿದರು' ಎಂದು ಬರೆದ. ತಾಯಿಯನ್ನು ಒಳಗೆ ಕೂರಿಸಲು ಅನುಮತಿ ಕೇಳಿ ಅವಳು ಕೊಟ್ಟ ಅರ್ಜಿಯನ್ನು ಗುಮಾಸ್ತರು ಆಡಳಿತ ವಿಭಾಗಕ್ಕೆ ಕಳಿಸಿದರು. ಮೇಷ್ಟ್ರ ನಮೂನೆಯಲ್ಲಿ ಗೈರುಹಾಜರಿಗೆ ನಾಲ್ಕೇ ಕಾರಣಗಳಿವೆ. ತಾಯಿ ಅದರಲ್ಲಿಲ್ಲ. ಅವರು ಪಾಪ 'ಆಸಕ್ತಿಯ ಕೊರತೆ' ಎಂಬುದಕ್ಕೆ ಗುರುತು ಹಾಕಿದರು. ಅದೇ ವಾರ ಲೈಬ್ರರಿ ಮೇಡಂ ಬರೆದು ಕಳಿಸಿದ್ದು ಏನು ಗೊತ್ತೇ? ಓದುವ ಕೋಣೆಯಲ್ಲಿ ಕುರ್ಚಿ ಆರು, ಫ್ಯಾನು ಎರಡು, ನಾಲ್ಕರಿಂದ ಆರರವರೆಗೆ ಬರುವವರು ಯಾರೂ ಇಲ್ಲ. ಈ ನಾಲ್ಕೂ ಕಾಗದಗಳು ತಮ್ಮ ಕಟ್ಟಡದ ನಾಲ್ಕು ಮೇಜುಗಳ ಮೇಲೆ ಕೂತಿರಬೇಕು. ಅವುಗಳಿಗೂ ಪರಸ್ಪರ ಚರ್ಚೆ ನಿಷಿದ್ಧವೇ?

ಹನ್ನೆರಡನೆಯ ದಿನ ನಾನು ತಡವಾಗಿ ಬಂದದ್ದರಿಂದ ಗೇಟಿನ ಹೊರಗೆ ಅವಳು ಸಿಕ್ಕಳು. ತಾಯಿಯ ಚಪ್ಪಲಿ ಪಟ್ಟಿ ಸರಿಮಾಡುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು.

"ಬಿಡಿ ಅಣ್ಣ. ಹತ್ತನೇದು ಪಾಸಾದ್ರೆ ಬಿಲ್ಲು ಬರೆಯೋ ಕೆಲಸಕ್ಕೆ ಹಾಕ್ತೀನಿ ಅಂದಿದ್ರು ಯಜಮಾನ್ರು. ಒಲೆ ತಪ್ತಿತ್ತು, ಅಷ್ಟೇ."

ಅವಳ ಮೊಣಕೈವರೆಗಿನ ಸುಟ್ಟ ಕಲೆಗಳನ್ನು ಕನ್ನಡಕದಿಂದ ಸರಿಯಾಗಿ ನೋಡಿದ್ದು ಅವತ್ತೇ.

ಆಮೇಲೆ ಸುತ್ತೋಲೆಯನ್ನು ನಾಲ್ಕನೆಯ ಸಲ ಓದಿದೆ. ಸಿಬ್ಬಂದಿಗೆ ನಿಷೇಧವಿದೆ, ವಿದ್ಯಾರ್ಥಿಗಳ ಮಾತೇ ಇಲ್ಲ. ಗೇಟಿನ ಸುದ್ದಿಯನ್ನು ಆಫೀಸಿಗೆ, ಆಫೀಸಿನದನ್ನು ಲೈಬ್ರರಿಗೆ ನಾನೇ ಹೊತ್ತೆ. ಮೇಡಂ "ಇಷ್ಟೇನಾ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಂದವರು ಗೋಡೆಯ ಮೇಲಿದ್ದ, ತಾವು ಕಳಿಸಿದ ಸುತ್ತೋಲೆಯತ್ತ ಒಮ್ಮೆ ನೋಡಿ, ಫ್ಯಾನಿನ ಕೆಳಗೆ ಒಂದು ಕುರ್ಚಿ ಎಳೆದಿಟ್ಟರು. ಮುಖ್ಯೋಪಾಧ್ಯಾಯರು ಧೈರ್ಯ ಮಾಡಿ ಒಂದು ವಾರಕ್ಕೆ ಬಾಯಿಮಾತಿನ ಒಪ್ಪಿಗೆ ಕೊಟ್ಟರು. ಈಗ ಆ ತಾಯಿ ಫ್ಯಾನಿನ ಕೆಳಗೆ ಕೂತು ಚಿತ್ರದ ಪುಸ್ತಕಗಳ ಹಾಳೆ ತಿರುವುತ್ತಾರೆ, ಮಗಳು ಮೂರನೆಯ ಸಾಲಿನಲ್ಲಿ ಕೂತು ಬಡ್ಡಿಯ ಲೆಕ್ಕ ಮಾಡುತ್ತಾಳೆ. ವಾರ ಮುಗಿಯುವುದು ಈ ಶನಿವಾರ. ಆಮೇಲೆ ತಮ್ಮ ಲಿಖಿತ ಅನುಮತಿ ಬೇಕಂತೆ.

ಆದ್ದರಿಂದ ಶನಿವಾರದೊಳಗೆ ಆ ಒಂದು ಕುರ್ಚಿಗೆ ಸಹಿ ಹಾಕಿಕೊಡಿ. ಅದೇ ಪೆನ್ನಿನಿಂದ ಸುತ್ತೋಲೆಯನ್ನೂ ಹೊಡೆದುಹಾಕಿ, ಹತ್ತು ನಿಮಿಷ ಹಿಂತಿರುಗಿಸಿ. ಅಲ್ಲಿಯವರೆಗೆ ಮೂರು ಬಾಗಿಲುಗಳ ನಡುವೆ ನಾನು ಓಡಾಡುತ್ತೇನೆ. ತೊಂದರೆ ಒಂದೇ. ಈ ಸಲ ನಾನು ಪಾಸಾಗುತ್ತೇನೆ ಎಂದು ಮೇಷ್ಟ್ರು ಹೇಳುತ್ತಿದ್ದಾರೆ. ನಾನು ಹೋದ ಮೇಲೆ ಸುದ್ದಿ ಹೊರುವವರಿಲ್ಲ. ಸುತ್ತೋಲೆಯನ್ನು ಹಿಂಪಡೆಯಲು ಆಗುವುದೇ ಇಲ್ಲ ಎಂದಾದರೆ ದಯವಿಟ್ಟು ನನ್ನನ್ನು ಫೇಲು ಮಾಡಿ. ಲೆಕ್ಕದಲ್ಲಿ ಮಾಡಿ, ಯಾರಿಗೂ ಅನುಮಾನ ಬರುವುದಿಲ್ಲ.

ಇಂತಿ,
ತಮ್ಮ ಆದೇಶದಲ್ಲಿ ನಿಷೇಧಿಸಲು ಮರೆತುಹೋದ,
ಮಂಡಿನೋವಿನ ಅನಧಿಕೃತ ಟಪಾಲಿನವ,
ಹತ್ತನೇ ತರಗತಿ