ಚಾಪೆಯ ಕೆಳಗಿನ ಬಂಧನ

ಪೊಲೀಸ್ ತರಬೇತಿ ಶಾಲೆಯ ಮುಖ್ಯಸ್ಥರೇ,

ಕ್ಷಮೆ ಕೇಳಲು ನನ್ನ ಅಂಗಳಕ್ಕೆ ಬಂದು ಮಂಡಿಯೂರಿದ್ದ ಹಿರಿಯರೊಬ್ಬರಿಗೆ ನಿಮ್ಮ ಶಿಕ್ಷಣಾರ್ಥಿಗಳು ಬೇಡಿ ತೊಡಿಸಿ ಎಳೆದೊಯ್ದಿದ್ದಾರೆ. ಅಪರಾಧ ಅವರದಲ್ಲ. ಅಪರಾಧ ಮಾಡಿದವನು ತಾನಾಗಿ ಠಾಣೆಗೆ ಹೋದರೆ, ಆ ಪ್ರಕರಣದಲ್ಲಿ ಆರೋಪಿ ಆಗಲೇ ಸಿಕ್ಕಾಗಿದೆ ಎಂದು ವಾಪಸು ಕಳಿಸಿದ್ದಾರೆ. ನಿಮ್ಮ ಇಲಾಖೆಯ ದಕ್ಷತೆ ನೋಡಿ ನನಗೆ ಹೇಸಿಗೆಯಾಗಿದೆ.

ನಡೆದದ್ದಿಷ್ಟು. ಪಕ್ಕದ ಹಳ್ಳಿಯ ಸೋಲೊಮೊನಾ ಎಂಬ ಹುಡುಗ ಕುಡಿದು ಪಿಕಪ್ ಓಡಿಸಿ, ಚರ್ಚಿನಿಂದ ಬರುತ್ತಿದ್ದ ನನ್ನ ಮಗ ಇಯೋಸೆಫೊನ ಮೇಲೆ ಹಾಯಿಸಿದ. ಆಸ್ಪತ್ರೆಯಲ್ಲಿ ಮಗನ ಬಲಗಾಲು ತೆಗೆದರು. ನನ್ನ ತಮ್ಮಂದಿರು ಮಚ್ಚು ಮಸೆಯುತ್ತ ಕುಳಿತರು. ನಾನು ಬೇಡವೆನ್ನಲಿಲ್ಲ, ಹೆತ್ತ ಹೊಟ್ಟೆ ಉರಿಯುತ್ತಿತ್ತು. ಮರುದಿನ ಬೆಳಗಾಗುವ ಹೊತ್ತಿಗೆ ಸೋಲೊಮೊನಾನ ದೊಡ್ಡಪ್ಪ, ಆ ಕುಟುಂಬದ ಯಜಮಾನರಾದ ಲೌವಿ, ಮನೆಮಂದಿಯನ್ನೆಲ್ಲ ಹಿಂದೆ ಕೂರಿಸಿಕೊಂಡು ನಮ್ಮ ಮನೆಯೆದುರು ಮಂಡಿಯೂರಿದ್ದರು. ತಲೆಯ ಮೇಲೆ ಅವರ ಮನೆತನದ ನವಿರಾಗಿ ಹೆಣೆದ ಚಾಪೆ. ಹೀಗೆ ಕ್ಷಮೆ ಬೇಡುವ ಇಫೋಗ ಎಂದರೇನೆಂದು ಸಮೋವಾದಲ್ಲಿ ಹುಟ್ಟಿದ ತಮಗೆ ನಾನು ಹೇಳಬೇಕಾಗಿಲ್ಲ. ಹಾಗೆ ಕುಳಿತವರನ್ನು ನಾವು ಕಡಿದು ಹಾಕಿದರೂ ಅವರು ಕೈ ಎತ್ತುವುದಿಲ್ಲ. ನಾವು ಎದ್ದು ಹೋಗಿ ಚಾಪೆ ಎತ್ತಿದರೆ ಹಗೆ ಅಲ್ಲಿಗೆ ತೀರಿತು.

ನಾನು ಮನೆಯ ಓಲೆಪರದೆ ಇಳಿಬಿಟ್ಟು ಒಳಗೇ ಕುಳಿತಿದ್ದೆ. ಸಾಯಲಿ ಅಂದುಕೊಂಡೆ. ಬಿಸಿಲೇರಿತು. ಪರದೆಯ ಸಂದಿನಿಂದ, ಚಾಪೆಯ ಕೆಳಗೆ ಮುದುಕರ ಬೆನ್ನು ನಡುಗುವುದು ಕಾಣುತ್ತಿತ್ತು, ಆದರೂ ಅವರು ಕದಲಲಿಲ್ಲ. ಕೊನೆಗೆ ನನ್ನೊಳಗೇ ಏನೋ ಸಡಿಲವಾಗಿ, ಮುಖ ತೊಳೆದುಕೊಂಡು ಹೊರಗೆ ಬಂದೆ. ಅಷ್ಟರಲ್ಲಿ ತಮ್ಮ ತರಬೇತಿ ಶಾಲೆಯ ವ್ಯಾನು ಬಂತು.

ಗುಂಪು ಸೇರಿದೆಯಂತೆ ಎಂದು ಬೋಧಕರೊಬ್ಬರು ತರಗತಿಯನ್ನೇ ಕರೆತಂದಿದ್ದರು, ಪಾಠಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು. ಒಬ್ಬ ಶಿಕ್ಷಣಾರ್ಥಿ ಚಾಪೆಯ ಅಂಚಿನಡಿ ಬಗ್ಗಿ ನೋಡಿ, ಹುಡುಗನಿಗೆ ಗುದ್ದಿದ್ದು ಯಾರೆಂದು ಕೇಳಿದ. ಲೌವಿ ತಲೆ ಎತ್ತದೆ, “ನಾನೇ ಮಾಡಿದ್ದಪ್ಪ, ತಪ್ಪು ನಂದೇ” ಅಂದರು. ಚಾಪೆಯಡಿ ಕುಳಿತ ಯಜಮಾನ ಇನ್ನೇನು ಹೇಳಬೇಕಿತ್ತು? ಮನೆಯ ಪಾಪವನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಳ್ಳಲೆಂದೇ ಅವರು ಬಂದದ್ದು. ಕ್ಷಣದಲ್ಲಿ ಬೇಡಿ ಬಿತ್ತು. ಚಾಪೆ ಮಣ್ಣಿಗೆ ಬಿತ್ತು, ಅದರ ಮೇಲೆ ಬೂಟುಗಾಲುಗಳು ಓಡಾಡಿದವು.

ಆ ಶಿಕ್ಷಣಾರ್ಥಿ ಫಿಲಿಪೊ ನಾನು ಪಾಠ ಹೇಳುವ ಶಾಲೆಯಲ್ಲೇ ಓದಿದವನು. ಇಫೋಗ ಅಂದರೆ ಗೊತ್ತಿಲ್ಲವೇನೋ ಎಂದು ಗದರಿದೆ.

“ಗೊತ್ತು ಮಿಸ್, ನಮ್ಮಜ್ಜಾನೂ ಒಂದ್ಸಲ ಕೂತಿದ್ರು. ಆದ್ರೆ ಒಪ್ಕೊಂಡೋನನ್ನ ಬಿಟ್ಟು ಬರಬೇಡಿ ಅಂತ ಕ್ಲಾಸಲ್ಲಿ ಹೇಳಿದಾರೆ. ಬಿಟ್ರೆ ನಾನು ಫೇಲು.”

ಮಾನ್ಯರೇ, ತಮ್ಮ ತರಗತಿಯಲ್ಲಿ ಬೇರೇನು ಹೇಳಿಕೊಡುತ್ತೀರಿ? ಬಂಧಿಸುವ ಮೊದಲು ಅನುಮಾನಕ್ಕೆ ಆಧಾರ ಬೇಕೆಂದು ಹೇಳಿಕೊಟ್ಟಿದ್ದೀರಾ? ಲೌವಿಯವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊಮ್ಮಗಳು ಕೈ ಹಿಡಿಯದಿದ್ದರೆ ಅವರು ಚರ್ಚಿನ ಮೆಟ್ಟಿಲು ಹತ್ತಲಾರರು. ಅವರು ಪಿಕಪ್ ಓಡಿಸಿದರೆಂದು ನಂಬಲು ಎಂಥ ವಿಶೇಷ ತರಬೇತಿ ಬೇಕು! ಬಾಯಿ ಮುಚ್ಚಿಕೊಂಡಿರುವ ಹಕ್ಕು ನಿಮಗಿದೆ, ವಕೀಲರನ್ನು ಕೇಳಬಹುದು ಎಂದು ಅವರಿಗೆ ಒಬ್ಬರಾದರೂ ಹೇಳಿದರೇ? ಮಂಡಿಯೂರಿ ಕುಳಿತವರು ಓಡಿಹೋಗುತ್ತಾರೆಂದು ಬೇಡಿ ಹಾಕಿದಿರೋ? ಬಂಧಿಸುವ ಅಧಿಕಾರವನ್ನು ಮೊದಲ ದಿನವೇ ಕೈಗೆ ಕೊಟ್ಟು, ಅದರ ಮಿತಿಯನ್ನು ಮುಂದಿನ ಪಾಠಕ್ಕೆ ಇಟ್ಟುಕೊಂಡಿದ್ದೀರೆಂದು ಕಾಣುತ್ತದೆ. ಥೂ, ನಮ್ಮ ಮಕ್ಕಳನ್ನು ತಮ್ಮ ಕೈಗೆ ಕೊಟ್ಟೆವಲ್ಲ!

ಲಾಕಪ್ಪಿಗೆ ಹೋಗಿ, ನಿಜ ಹೇಳಿ ಹೊರಗೆ ಬನ್ನಿ ಎಂದು ಆ ಹಿರಿಯರನ್ನು ಬೇಡಿಕೊಂಡೆ. ಅವರು ಒಪ್ಪಲಿಲ್ಲ.

“ಚಾಪೆ ಕೆಳಗೆ ಆಡಿದ ಮಾತು ತಾಯಿ. ಈಗ ನಾನಲ್ಲ ಅಂದ್ರೆ, ನಿನ್ನ ಮಗನ ಕಾಲಿಗೆ ನಾನು ಕ್ಷಮೆ ಕೇಳಲೇ ಇಲ್ಲ ಅಂತಾಗತ್ತೆ. ನೀನು ಚಾಪೆ ಎತ್ತಬೇಕು ಅಂತಿದ್ಯಾ, ಅಷ್ಟು ಹೇಳು.”

ಹೌದೆಂದೆ. ಅವರು ಅತ್ತರು, ನಾನೂ ಅತ್ತೆ. ಆದರೆ ಲಾಕಪ್ಪಿನಲ್ಲಿ ಅತ್ತರೆ ಹಗೆ ತೀರುವುದಿಲ್ಲ. ಎರಡೂ ಮನೆಯವರು ನೋಡುತ್ತಿರುವಾಗ ಚಾಪೆ ಏಳಬೇಕು. ಅದು ಏಳದ ಕಾರಣ ನನ್ನ ತಮ್ಮಂದಿರು ಮತ್ತೆ ಮಚ್ಚು ಹಿಡಿದಿದ್ದಾರೆ. ನನ್ನನ್ನು ಒಳಗೆ ಹಾಕಿ ಎಂದು ಸೋಲೊಮೊನಾ ದಿನಾ ಠಾಣೆಯ ಬಾಗಿಲಿಗೆ ಹೋಗುತ್ತಾನೆ, ಠಾಣೆಯವರು ದಿನಾ ಅಟ್ಟುತ್ತಾರೆ. ಆ ಹುಡುಗ ನನ್ನ ಮಗನ ಕಾಲು ತೆಗೆದವನು. ಆದರೂ ಅವನ ಹೆಣ ನನಗೆ ಬೇಡ.

ಆದ್ದರಿಂದ ನನ್ನ ಬೇಡಿಕೆ ಇದು. ಸೋಲೊಮೊನಾನನ್ನು ಇಂದೇ ಕಾನೂನಿನ ಪ್ರಕಾರ ಬಂಧಿಸಿ, ಅವನ ಜೀವ ಉಳಿಯಲಿ. ಲೌವಿಯವರ ಬೇಡಿ ಬಿಚ್ಚಿ, ತಾವೇ ಕೈಹಿಡಿದು ನನ್ನ ಅಂಗಳಕ್ಕೆ ಕರೆತನ್ನಿ. ಚಾಪೆ ತೊಳೆದು ಒಣಗಿಸಿದ್ದೇನೆ. ಅವರ ತಲೆಯ ಮೇಲೆ ಅದನ್ನು ಹೊದಿಸಿ, ತಾವು ಪಕ್ಕಕ್ಕೆ ಸರಿದು ನಿಂತರೆ ಸಾಕು. ಮಿಕ್ಕದ್ದು ನನ್ನ ಕೆಲಸ.

ಇಂತಿ,
ಕ್ಷಮಿಸಲು ಪೊಲೀಸರ ಅಪ್ಪಣೆ ಕಾಯುತ್ತಿರುವ
ಸಿಯೆನಿ, ಇಯೋಸೆಫೊನ ತಾಯಿ