ಕಮ್ಮಿ ಕಡೆಯವನು

ಫೆಬ್ರವರಿ 4, ಬೆಳಿಗ್ಗೆ

ಇವತ್ತೂ ಕಸ ಗುಡಿಸಲಿಲ್ಲ. ಮನೆಯಲ್ಲಿ ಹೆಣ ಇರುವ ತನಕ ಪೊರಕೆ ಮುಟ್ಟಬಾರದು. ಕಾಲಿಟ್ಟಲ್ಲೆಲ್ಲ ಕಲ್ಲಂಗಡಿ ಬೀಜದ ಸಿಪ್ಪೆ. ಕೂತು, ಕಚ್ಚಿ, ಉಗಿದು ಹೋಗಿದ್ದಾರೆ ಪುಣ್ಯಾತ್ಮರು. ಶುಂಠಿ ಕಷಾಯದ ಪಾತ್ರೆ ತಳ ಕಂಡಿದೆ. ನನ್ನ ಒಣಮೀನಿನ ಅಂಗಡಿಗೆ ಬೀಗ.

ಡೆಲ್ಫಿನ್ ಮಾತ್ರ ಆರಾಮಾಗಿ ಮಲಗಿದ್ದಾನೆ, ಪೆಟ್ಟಿಗೆಯ ಗಾಜಿನ ಕೆಳಗೆ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಬದುಕಿದ್ದಾಗ ಇಂಥದ್ದನ್ನು ಹಾಕಿದವನೇ ಅಲ್ಲ ನನ್ನ ತಮ್ಮ.

ಸ್ಮಶಾನದ ಗೋಡೆಯಲ್ಲಿ ಪೆಟ್ಟಿಗೆ ಇಡುವ ಒಂದು ಗೂಡು ಹಿಡಿಯಲು ದುಡ್ಡು ಸಾಲದು. ಎಲ್ಲರ ಮನೆಯಲ್ಲಾಗುವ ಹಾಗೆ ಇಲ್ಲೂ — ಮುಂದುಗಡೆ ಶಾಮಿಯಾನ, ಅದರಡಿ ಜೂಜು, ಗೆದ್ದವರಿಂದ ಒಂದು ಪಾಲು ಪೆಟ್ಟಿಗೆ ಪಕ್ಕದ ಬಿಸ್ಕತ್ತಿನ ಡಬ್ಬಿಗೆ. ಸತ್ತವರ ಮನೆಯ ಜೂಜಿಗೆ ಪೊಲೀಸರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇಸ್ಪೀಟಿನಿಂದ ಡಬ್ಬಿ ತುಂಬಲಿಲ್ಲ. ಸಂಜೆ ಬ್ಯಾಸ್ಕೆಟ್‌ಬಾಲ್ ಇದೆಯಂತೆ. ಬೀದಿಯ ಬುಕ್ಕಿ ಕೊಸ್ಮೆ ಟಿ.ವಿ. ತರುತ್ತಾನಂತೆ.

"ಡೆಲ್ಫಿನ್‌ಗೂ ಕಾಣೋ ಹಾಗೆ ಇಡ್ತೀನಿ ಸಿಯೋನಿ ಅಕ್ಕ. ಒಂದು ಮ್ಯಾಚೂ ತಪ್ಪಿಸಿದವನಲ್ಲ."

"ಇಡಪ್ಪ ಇಡು. ಬದುಕಿದ್ದಾಗ ಸೋತಿದ್ದು ಸಾಲದೇನೋ. ಸತ್ತ ಮೇಲೂ ನೋಡಲಿ."

ಫೆಬ್ರವರಿ 5

ಕೊಸ್ಮೆ ರಟ್ಟಿನ ಮೇಲೆ 188.5 ಅಂತ ಬರೆದು ತೂಗುಹಾಕಿದ. ಎರಡೂ ತಂಡದ ಪಾಯಿಂಟ್ ಕೂಡಿದರೆ ಅದಕ್ಕಿಂತ ಹೆಚ್ಚು ಅನ್ನುವವರು ಒಂದು ಕಡೆ, ಕಮ್ಮಿ ಅನ್ನುವವರು ಇನ್ನೊಂದು ಕಡೆ. ಆ ಅರ್ಧ ಯಾಕೆಂದರೆ, ಸಮ ಬಂತು ಅಂತ ಯಾರೂ ಜಗಳಕ್ಕೆ ಬರುವಂತಿಲ್ಲ.

ಡೆಲ್ಫಿನ್ ಆಯುಸ್ಸಿಡೀ ಕಮ್ಮಿ ಕಡೆಗೇ ಕಟ್ಟಿದ. "ಜನ ಆಸೆಪಟ್ಟಷ್ಟು ಯಾವತ್ತೂ ಆಗಲ್ಲ ಕಣಕ್ಕ" ಅನ್ನುತ್ತಿದ್ದ. ಆಗುತ್ತಿತ್ತು. ಪ್ರತಿ ಸಲ ಆಗುತ್ತಿತ್ತು. ಅವನ ದುಡ್ಡು ನೀರಿಗೆ ಹೋಗುತ್ತಿತ್ತು.

ನಿನ್ನೆ ಅವನ ಹೆಸರಿನಲ್ಲಿ ನಾಲ್ಕು ಜನ ಕಮ್ಮಿ ಕಡೆ ಕಟ್ಟಿದರು. ಬಂದಿದ್ದು 161. ಸಿಮೆಂಟ್ ಕಂಪನಿ ತಂಡದವರು ಎಸೆದದ್ದು ನೆಟ್ಟಗೆ ಬೀಳಲೇ ಇಲ್ಲ. ಡಬ್ಬಿಗೆ ಒಳ್ಳೆ ಪಾಲು ಬಿತ್ತು. ತಮಾಷೆ ಅಂದುಕೊಂಡು ನಕ್ಕೆವು.

ಫೆಬ್ರವರಿ 9, ಮಧ್ಯಾಹ್ನ

ಮತ್ತೆ ಕಮ್ಮಿ. ಮೊನ್ನೆಯೂ ಕಮ್ಮಿ, ಅದರ ಹಿಂದಿನ ದಿನವೂ ಕಮ್ಮಿ. ಈಗ ಇಡೀ ಬೀದಿ ಕಮ್ಮಿ ಕಡೆ. ಕೊಸ್ಮೆ ಎಲ್ಲರ ದುಡ್ಡು ಒಟ್ಟುಮಾಡಿ ಪಕ್ಕದ ಊರು ಮಲಬೋನ್‌ನ ದೊಡ್ಡ ಬುಕ್ಕಿಗಳ ಹತ್ತಿರ ಕಟ್ಟುತ್ತಾನೆ. ಸೋಲುವವರು ಅಲ್ಲಿಯವರು. ನಮ್ಮವರಿಗೆ ಹೊಸ ಚಪ್ಪಲಿ, ಹೊಸ ಫ್ಯಾನು. ಎದುರುಮನೆ ಪಸೀತಾ ಕಿವಿಗೆ ಚಿನ್ನ ಹಾಕಿಕೊಂಡು ಬಂದಳು. ಹೆಣ ನೋಡಲು!

ನಿನ್ನೆ ಒಂದು ಚೆಂಡು ಬುಟ್ಟಿಯ ಬಳೆಗೂ ಹಿಂದಿನ ಹಲಗೆಗೂ ನಡುವೆ ಸಿಕ್ಕಿಕೊಂಡಿತು. ಕೋಲಿನಿಂದ ಕೆಡವಿದರು. ಎರಡು ನಿಮಿಷಕ್ಕೆ ಮತ್ತೆ ಅಲ್ಲೇ ಸಿಕ್ಕಿಕೊಂಡಿತು. ಎಲ್ಲರೂ ತಿರುಗಿ ಡೆಲ್ಫಿನ್‌ನ ಪೆಟ್ಟಿಗೆ ನೋಡಿದರು.

ಇನ್ನೊಂದು. ಮಲಗಿಸಿದಾಗ ಮುಖ ನೆಟ್ಟಗೆ ಮೇಲಕ್ಕಿತ್ತು. ಈಗ ಟಿ.ವಿ. ಕಡೆ ವಾಲಿದೆ. ಹೆಣ ಕೆಡದ ಹಾಗೆ ಔಷಧಿ ಚುಚ್ಚುವವನನ್ನು ಕರೆಸಿದೆ. "ದಿಂಬಿನ ಹತ್ತಿ ಕುಸಿದಿದೆ ಅಷ್ಟೇ, ಹೆದರಬೇಡಿ" ಅಂದ. ಸರಿಮಾಡಿ ಹೋದ.

ಸಂಜೆ ಹೊತ್ತಿಗೆ ಮತ್ತೆ ವಾಲಿತ್ತು.

ಫೆಬ್ರವರಿ 12

ಡಬ್ಬಿ ತುಂಬಿತು. ಗೂಡಿಗೂ ಆಗುತ್ತದೆ, ಪಾದ್ರಿಗೂ ಆಗುತ್ತದೆ. ಶನಿವಾರ ಹೂಳುತ್ತೇನೆ ಅಂದೆ. ಎಲ್ಲರ ಮುಖ ಕಪ್ಪಿಟ್ಟಿತು.

"ಇಷ್ಟು ಬೇಗ ಯಾಕಕ್ಕ?" ಪಸೀತಾ.

"ಬೇಗವಾ? ಹೆಣ ಕಣೇ ಅದು, ಉಪ್ಪಿನಕಾಯಿ ಅಲ್ಲ."

ಹೂಳುವ ಕಾಗದಕ್ಕೆ ಬೀದಿಯ ಮುಖಂಡ ಕ್ಯಾಪ್ಟನ್ ಸಹಿ ಹಾಕಬೇಕು. ಹೋದೆ. ಪೆನ್ನು ಸಿಗುತ್ತಿಲ್ಲ ಅಂದ. ಜೇಬಿನಲ್ಲೇ ಇತ್ತು! "ಭಾನುವಾರ ಸಾರ್ಡೀನ್ ಕಂಪನಿ ತಂಡದ ಮ್ಯಾಚಿದೆ ಸಿಯೋನಿ. ಅದೊಂದು ಆಗಲಿ." ಅವನ ಮಗನಿಗೆ ಹೊಸ ಬೈಕು ಬಂದಿರುವುದು ನನಗೆ ಗೊತ್ತಿಲ್ಲವೇ?

ನನಗೆ ತಮ್ಮ ಮಣ್ಣು ಸೇರಬೇಕು. ಅಷ್ಟೇ. ಅವ್ವ ಸಾಯುವಾಗ ಅವನನ್ನು ನನ್ನ ಕೈಗೆ ಹಾಕಿ ಹೋದಳು. ಅವನ ಬೆರಳು ಕಪ್ಪಾಗುತ್ತಿದೆ. ನೋಡಲಾಗುವುದಿಲ್ಲ.

ಫೆಬ್ರವರಿ 16

ನಿನ್ನೆಯದು ಬರೆಯಬೇಕು.

ಗಾಜಿನ ಮೇಲೆ ಮಬ್ಬು ಕೂತಿತ್ತು. ಹೊರಗಿನಿಂದ ಅಂದುಕೊಂಡೆ. ಬಟ್ಟೆಯಿಂದ ಒರೆಸಿದೆ — ಹೋಗಲಿಲ್ಲ. ಒಳಗಿನಿಂದ ಕೂತಿತ್ತು. ಮ್ಯಾಚಿನ ಮೂರನೇ ಕ್ವಾರ್ಟರ್ ನಡೆಯುತ್ತಿತ್ತು. ಒಳಗೆ ನೋಡಲು ಗಾಜಿನ ಮೇಲೇ ಬಾಗಿ ನಿಂತೆ. ಹಿಂದೆ ಟಿ.ವಿ.ಯಲ್ಲಿ ಚೆಂಡು ಬುಟ್ಟಿಗೆ ಬಿದ್ದ ಶಬ್ದ. ಮತ್ತೆ ಬಿತ್ತು. ಮತ್ತೆ, ಮತ್ತೆ. ದೂರದಿಂದ ಎಸೆದದ್ದೂ ಬಿತ್ತು.

"ಅಕ್ಕ, ಪಕ್ಕಕ್ಕೆ ಬನ್ನಿ!" ಕೊಸ್ಮೆ ಕಿರುಚಿದ. "ಅವನಿಗೆ ಅಡ್ಡ ನಿಂತಿದ್ದೀರಿ!"

ಪಸೀತಾ ರಟ್ಟೆ ಹಿಡಿದು ಎಳೆದಳು. ಆಮೇಲೆ ಒಂದೂ ಬೀಳಲಿಲ್ಲ.

ಕಮ್ಮಿ.

ಅಯ್ಯೋ ದೇವರೇ. ನೋಡುತ್ತಿದ್ದಾನೆ.

ಫೆಬ್ರವರಿ 17

ಕೊಸ್ಮೆಯನ್ನೂ ಕ್ಯಾಪ್ಟನನ್ನೂ ಕೂರಿಸಿ ಹೇಳಿದೆ. ಒಂದೇ ಒಂದು ಮ್ಯಾಚ್ ಹೆಚ್ಚು ಬಂದರೆ ಡೆಲ್ಫಿನ್‌ನ ಅದೃಷ್ಟ ಮುಗಿಯಿತು ಅಂತ. ಮಾರನೇ ದಿನವೇ ಹೂಳಬೇಕು. ಕಮ್ಮಿ ಬಂದರೆ ನಾನು ಬಾಯಿ ಬಿಡುವುದಿಲ್ಲ.

ನಕ್ಕರು. ಒಪ್ಪಿದರು. ಕ್ಯಾಪ್ಟನ್ ಅಲ್ಲೇ ಕಾಗದಕ್ಕೆ ಸಹಿ ಹಾಕಿ ಕೊಸ್ಮೆ ಕೈಗೆ ಕೊಟ್ಟ. ನಾಳೆಯ ಅಂಕಿ 151.5. ಸೋತು ಸೋತು ಮಲಬೋನ್‌ನವರು ಅಷ್ಟು ಕೆಳಗೆ ಇಳಿಸಿದ್ದಾರೆ.

ಡೆಲ್ಫಿನ್ ಹತ್ತಿರ ಕೂತು ಬೈದೆ. "ಗೆದ್ದಿದ್ದು ಸಾಕು ಕಣೋ. ಬಿಟ್ಟುಕೊಡೋ." ಜೀವಮಾನದಲ್ಲಿ ಈಗಷ್ಟೇ ಗೆಲ್ಲುತ್ತಿದ್ದಾನೆ. ಆಟ ಬಿಟ್ಟು ಏಳು ಅಂದರೆ ಯಾವನು ಏಳುತ್ತಾನೆ? ಅತ್ತೆ. ಕಣ್ಣೀರು ಗಾಜಿನ ಮೇಲೆ ಬೀಳಬಾರದು, ಹೋಗುವವರಿಗೆ ಭಾರವಾಗುತ್ತದೆ. ಸೆರಗಿಲ್ಲದ ಅಂಗಿ, ತೋಳಿನಲ್ಲೇ ಒರೆಸಿಕೊಂಡೆ.

ಫೆಬ್ರವರಿ 19, ಬೆಳಿಗ್ಗೆ

ಮ್ಯಾಚ್ ಶುರುವಾದ ಕೂಡಲೇ ಪೆಟ್ಟಿಗೆಯ ಮೇಲೆ ಅಡ್ಡ ಬಿದ್ದೆ. ಎದೆಯಿಂದ ಗಾಜು ಮುಚ್ಚಿ, ಎರಡೂ ಕೈಯಿಂದ ಅಂಚು ಹಿಡಿದೆ. ಮುಟ್ಟಿದರೆ ಪೆಟ್ಟಿಗೆ ಸಮೇತ ಉರುಳುತ್ತೇನೆ ಅಂದೆ. ಯಾರಿಗೂ ಧೈರ್ಯ ಬರಲಿಲ್ಲ.

ಎಸೆದದ್ದೆಲ್ಲ ಬಿತ್ತು. ಜನ ಬೈದರು, ಕೈ ಮುಗಿದರು. ಪಸೀತಾ ಕಾಲು ಹಿಡಿದಳು, ಓಲೆ ಅಡವಿಟ್ಟು ಕಟ್ಟಿದ್ದಾಳಂತೆ.

ನನ್ನ ಎದೆಯ ಕೆಳಗೆ ಗಾಜು ಬಿಸಿಯಾಗಿತ್ತು. ಒಳಗಿನಿಂದ ತಳ್ಳಿದ ಹಾಗೆ… ಸಣ್ಣಗೆ. ಚಿಕ್ಕವನಿದ್ದಾಗ ನನ್ನ ಬೆನ್ನ ಹಿಂದಿನಿಂದ ಇಣುಕಲು ತಳ್ಳುತ್ತಿದ್ದನಲ್ಲ, ಹಾಗೆ. ನಾನು ಏಳಲಿಲ್ಲ.

203.

ಕೊಸ್ಮೆ ಕಾಗದ ತಂದು ನನ್ನ ಪಕ್ಕ ಇಟ್ಟ.

ಫೆಬ್ರವರಿ 19, ಸಂಜೆ

ಹೂತೆ. ಪಾದ್ರಿ, ನಾನು, ಹೊರುವವರು. ಬೀದಿಯಿಂದ ಒಬ್ಬರೂ ಬರಲಿಲ್ಲ. ಗೂಡಿಗೆ ಸಿಮೆಂಟ್ ಮೆತ್ತಿದ ಮೇಲೆ ಜೀವಕ್ಕೆ ಹಗುರಾಯಿತು. ಸ್ಮಶಾನದಿಂದ ನೇರ ಮನೆಗೆ ಬಂದರೆ ಸತ್ತವರು ಹಿಂದೆಯೇ ಬರುತ್ತಾರೆ. ಬೇಕರಿಯಲ್ಲಿ ಕೂತು ಒಂದು ಬನ್ ತಿಂದು ಬಂದೆ.

ಮನೆ ಗುಡಿಸಿದೆ. ಮೂಲೆ ಮೂಲೆ ಬಿಡದೆ.

ಫೆಬ್ರವರಿ 24

ಬೀದಿ ಕಮ್ಮಿಗೇ ಕಟ್ಟುತ್ತಿದೆ, ಸೋಲುತ್ತಿದೆ. ಫ್ಯಾನು ಹೋಯಿತು, ಬೈಕೂ ಹೋಯಿತಂತೆ. ನಲ್ಲಿಯ ಹತ್ತಿರ ಮಾತು ನಿಂತುಹೋಗುತ್ತದೆ ನಾನು ಬಂದರೆ. ಇವತ್ತು ಪೂರ್ತಿ ನಿಲ್ಲುವ ಮೊದಲು ಪಸೀತಾಳ ದನಿ ಕೇಳಿತು: "ಅಕ್ಕ ತಮ್ಮ ಇಬ್ರದೂ ಒಂದೇ ರಕ್ತ ತಾನೆ?"

ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. "ಊಟ ಆಯ್ತಾ ಅಕ್ಕ? ಸೊರಗಿದ್ದೀರಿ."

ಶಾಮಿಯಾನ ಇನ್ನೂ ಬಿಚ್ಚಿಲ್ಲ.

ಫೆಬ್ರವರಿ 27

ಬಾಗಿಲು ತೆಗೆದರೆ ಶಾಮಿಯಾನದಡಿ ಕುರ್ಚಿಗಳೆಲ್ಲ ತುಂಬಿವೆ. ಟಿ.ವಿ. ಇಲ್ಲ. ಕೊಸ್ಮೆಯ ರಟ್ಟು ಮಾತ್ರ ತೂಗುತ್ತಿದೆ. 63.5.

"ಇವತ್ತು ಯಾವ ಮ್ಯಾಚೋ? ಇಷ್ಟು ಕಮ್ಮಿ ಅಂಕಿ?"

"ಮ್ಯಾಚ್ ಇಲ್ಲ ಅಕ್ಕ."

ನನಗೆ ಅರವತ್ತಮೂರು. ಸೆಪ್ಟೆಂಬರ್‌ಗೆ ಅರವತ್ತನಾಲ್ಕು.

ಯಾರೂ ಕಣ್ಣು ತಪ್ಪಿಸಲಿಲ್ಲ. ಕ್ಯಾಪ್ಟನ್ ಟೋಪಿ ತೆಗೆದ. ಕೊಸ್ಮೆ ಎದ್ದು ಬಂದು ಮೆಲ್ಲಗೆ, ಬಲು ಮರ್ಯಾದೆಯಿಂದ ಹೇಳಿದ: "ಬೇಕಾದ್ರೆ ನೀವು ಹೆಚ್ಚಿನ ಕಡೆ ಕಟ್ಟಿ ಅಕ್ಕ. ಆ ಕಡೆ ಯಾರೂ ಇಲ್ಲ."

ಒಳಗೆ ಬಂದು ಚಿಲಕ ಹಾಕಿದೆ. ಕಿಟಕಿಯೂ ಮುಚ್ಚಿದೆ. ಪಸೀತಾ ಬಾಗಿಲು ತಟ್ಟುತ್ತಿದ್ದಾಳೆ. ಗಂಜಿ ತಂದಿದ್ದಾಳಂತೆ, ಬಿಸಿ ಇದೆಯಂತೆ, ಕೋಳಿ ಹಾಕಿದ್ದಾಳಂತೆ. ತಿನ್ನುವುದಿಲ್ಲ ಅಂದೆ. ತಟ್ಟುವುದು ನಿಂತಿತು.

ಈಗ ಹಿತ್ತಿಲ ಬಾಗಿಲು… ಅದಕ್ಕೆ ಚಿಲಕ ಹಾಕಿದೆನೋ ಇಲ್ಲ